ಹಳೆಯ ಹೀರೋನನ್ನು ಕೋಚ್ ಮಾಡಿದಾಗ ಕ್ಲಬ್‌ಗೆ ನಿಜವಾಗಿ ಸಿಗುವುದೇನು?

2026ರ ಜನವರಿಯ ಎರಡು ಫುಟ್‌ಬಾಲ್ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲ ಆಗದಿದ್ದರೆ ಆಶ್ಚರ್ಯ. ಜನವರಿ 12ರಂದು ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್ ತನ್ನ ಕೋಚ್ ಕ್ಸಾಬಿ ಅಲೊನ್ಸೊ ಅವರನ್ನು ಕಳಿಸಿಕೊಟ್ಟಿತು. ಅಲೊನ್ಸೊ ಅಲ್ಲಿಯ ಹಳೆಯ ಆಟಗಾರ. 2009ರಿಂದ 2014ರವರೆಗೆ ಮಿಡ್‌ಫೀಲ್ಡ್ ನೋಡಿಕೊಂಡವರು. ಕೋಚ್ ಆಗಿ ಬಂದು ಎಂಟು ತಿಂಗಳೂ ತುಂಬಿರಲಿಲ್ಲ. ಅವರ ಜಾಗಕ್ಕೆ ಬಂದವರು ಯಾರು? ಅಲ್ವಾರೊ ಅರ್ಬೆಲೋವಾ. ಅವರೂ ಅದೇ ಕ್ಲಬ್‌ನ ಹಳೆಯ ಆಟಗಾರರೇ, ಅಲೊನ್ಸೊ ಜೊತೆ ಅದೇ ತಂಡದಲ್ಲಿ ಆಡಿದವರು.

ಮರುದಿನ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಸುದ್ದಿ ಬಂತು. ಕೋಚ್ ರೂಬೆನ್ ಅಮೊರಿಮ್ ಅವರನ್ನು ವಾರದ ಹಿಂದಷ್ಟೇ ತೆಗೆದಿದ್ದ ಕ್ಲಬ್, ಸೀಸನ್ ಮುಗಿಯುವ ತನಕ ಮೈಕಲ್ ಕ್ಯಾರಿಕ್ ಇರಲಿ ಅಂದಿತು. ಕ್ಯಾರಿಕ್ ಅಲ್ಲಿ 12 ವರ್ಷ ಆಡಿ ಐದು ಪ್ರೀಮಿಯರ್ ಲೀಗ್ ಗೆದ್ದವರು. ಬಂದ ಕೂಡಲೇ ಮ್ಯಾಂಚೆಸ್ಟರ್ ಸಿಟಿಯನ್ನು 2-0ರಿಂದ ಸೋಲಿಸಿದರು, ಆಮೇಲೆ ಆರ್ಸೆನಲ್ ಮೈದಾನಕ್ಕೇ ಹೋಗಿ 3-2ರಿಂದ ಗೆದ್ದರು. ಅತ್ತ ಅರ್ಬೆಲೋವಾ ತಮ್ಮ ಮೊದಲ ಪಂದ್ಯದಲ್ಲೇ ಎರಡನೇ ದರ್ಜೆಯ ಆಲ್ಬಸೆಟೆ ಎದುರು ಸೋತು ಸ್ಪ್ಯಾನಿಷ್ ಕಪ್‌ನಿಂದ ಹೊರಬಿದ್ದರು.

ಹಾಗಾದರೆ ಹಳೆಯ ಹೀರೋನನ್ನು ಕರೆಯುವುದು ಜಾಣತನವಾ, ಭಾವುಕತನವಾ? ಗೆದ್ದಾಗ "ಕ್ಲಬ್‌ನ ರಕ್ತ ಇವರಲ್ಲಿದೆ" ಅನ್ನುತ್ತಾರೆ, ಸೋತಾಗ "ಅನುಭವ ಇಲ್ಲದವನನ್ನು ಯಾಕೆ ತಂದ್ರಿ" ಅಂತ ಅದೇ ಜನ ಕೇಳುತ್ತಾರೆ. ಎರಡೂ ಮಾತು ಅರ್ಧ ಸತ್ಯ. ಅದು ಅರ್ಥವಾಗಬೇಕಾದರೆ ಕ್ಲಬ್ ಇಂಥ ನೇಮಕವನ್ನು ಯಾವಾಗ ಮಾಡುತ್ತದೆ, ಯಾಕೆ ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಸೀಸನ್ ನಡುವೆ ಯಾರು ಸಿಗುತ್ತಾರೆ?

ಮೊದಲ ಕಾರಣ ತುಂಬಾ ಸಪ್ಪೆಯಾದದ್ದು, ಅದಕ್ಕೇ ಯಾರೂ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಕೋಚನ್ನು ತೆಗೆದರೆ, ಒಳ್ಳೆಯ ಕೋಚ್‌ಗಳೆಲ್ಲ ಆಗ ಬೇರೆ ಕ್ಲಬ್‌ಗಳಲ್ಲಿ ಕೆಲಸದಲ್ಲಿರುತ್ತಾರೆ. ಅವರನ್ನು ಬಿಡಿಸಿಕೊಂಡು ಬರಲು ದೊಡ್ಡ ಪರಿಹಾರ ಕೊಡಬೇಕು, ಆ ಕ್ಲಬ್ ಒಪ್ಪಬೇಕು, ಕೋಚ್ ಕೂಡ ಸೀಸನ್ ನಡುವೆ ಬಿಟ್ಟು ಬರಲು ತಯಾರಿರಬೇಕು. ಇದೆಲ್ಲ ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಉಳಿಯುವವರು ಇಬ್ಬರೇ: ಕೆಲಸ ಇಲ್ಲದೆ ಕೂತಿರುವವರು, ಇಲ್ಲವೇ ಕ್ಲಬ್‌ನ ಒಳಗೇ ಇರುವವರು. ಹಳೆಯ ಆಟಗಾರರು ಈ ಎರಡೂ ಪಟ್ಟಿಯಲ್ಲಿ ಸಿಗುತ್ತಾರೆ. ಅರ್ಬೆಲೋವಾ ರಿಯಲ್‌ನ ಮೀಸಲು ತಂಡ ಕಾಸ್ಟಿಯಾದ ಕೋಚ್ ಆಗಿದ್ದರು. ಕ್ಯಾರಿಕ್ 2025ರ ಜೂನ್‌ನಲ್ಲಿ ಮಿಡಲ್ಸ್‌ಬ್ರೋ ಬಿಟ್ಟ ಮೇಲೆ ಖಾಲಿ ಇದ್ದರು.

ಯುನೈಟೆಡ್‌ನಲ್ಲಂತೂ ಇದು ಒಂದು ರೂಢಿಯೇ ಆಗಿಬಿಟ್ಟಿದೆ. 2013ರಲ್ಲಿ ಬಹುಕಾಲದ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ನಿವೃತ್ತರಾದ ಮೇಲೆ ಆ ಕುರ್ಚಿ ಖಾಲಿಯಾದಾಗಲೆಲ್ಲ ತಾತ್ಕಾಲಿಕವಾಗಿ ಕೂತವರ ಹೆಸರು ನೋಡಿ: 2014ರಲ್ಲಿ ರಯಾನ್ ಗಿಗ್ಸ್, 2018ರಲ್ಲಿ ಓಲೆ ಗುನ್ನಾರ್ ಸೋಲ್ಶಾರ್, 2021ರಲ್ಲಿ ಕ್ಯಾರಿಕ್, 2024ರಲ್ಲಿ ರೂಡ್ ವಾನ್ ನಿಸ್ಟೆಲ್‌ರಾಯ್, 2026ರ ಜನವರಿಯಲ್ಲಿ ಎರಡು ಪಂದ್ಯಕ್ಕೆ ಡ್ಯಾರೆನ್ ಫ್ಲೆಚರ್, ಆಮೇಲೆ ಮತ್ತೆ ಕ್ಯಾರಿಕ್. ಇವರೆಲ್ಲರೂ ಫರ್ಗುಸನ್ ಕೈಕೆಳಗೆ ಆಡಿದವರು. ಇದರಿಂದ ತಪ್ಪಿಸಿಕೊಂಡ ದೊಡ್ಡ ಹೆಸರು ಅಂದರೆ 2021ರ ಕೊನೆಗೆ ಬಂದ ರಾಲ್ಫ್ ರಾಂಗ್ನಿಕ್ ಒಬ್ಬರೇ.

ತಾಳ್ಮೆಯ ಸಾಲ

ಎರಡನೇ ಕಾರಣ ಇದಕ್ಕಿಂತ ಮುಖ್ಯ. ತಂಡ ಸತತ ಸೋಲುತ್ತಿದ್ದರೆ ಕ್ರೀಡಾಂಗಣದ ಸಿಟ್ಟು ಒಂದು ಹಂತದವರೆಗೆ ಕೋಚ್ ಮೇಲೆ ಇರುತ್ತದೆ. ಎರಡನೆಯವರನ್ನು ತೆಗೆದು, ಮೂರನೆಯವರನ್ನು ತೆಗೆದು, ಆಮೇಲೂ ಏನೂ ಬದಲಾಗದಿದ್ದರೆ ಜನ ಮಾಲೀಕರ ಕಡೆ ತಿರುಗುತ್ತಾರೆ. ಆಗ ಮಾಲೀಕರಿಗೆ ಬೇಕಾಗುವುದು ತಂತ್ರಗಾರನಿಗಿಂತ ಹೆಚ್ಚಾಗಿ, ಜನ ಬೈಯಲು ಹಿಂಜರಿಯುವ ಒಂದು ಮುಖ. ಹಳೆಯ ಹೀರೋ ಬಂದರೆ ಅಭಿಮಾನಿಗಳ ತಾಳ್ಮೆಯನ್ನು ಅವರ ಹೆಸರಿನ ಮೇಲೆ ಸಾಲ ತಂದ ಹಾಗೆ. ಸಾಲ ತೀರಿಸಬೇಕಾದವರು ಕ್ಲಬ್‌ನವರು, ಆದರೆ ಜಾಮೀನು ಹೀರೋನದ್ದು.

ಈ ಸಾಲ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ಸೋಲ್ಶಾರ್ ಲೆಕ್ಕ ಸಾಕು. ಫರ್ಗುಸನ್ ನಂತರ ಬಂದವರಲ್ಲಿ ಲೂಯಿ ವಾನ್ ಗಾಲ್ ಎಫ್‌ಎ ಕಪ್ ಗೆದ್ದರು. ಜೋಸೆ ಮೊರಿನ್ಯೊ ಲೀಗ್ ಕಪ್, ಯುರೋಪಾ ಲೀಗ್ ಗೆದ್ದರು. ಎರಿಕ್ ಟೆನ್ ಹಾಗ್ ಲೀಗ್ ಕಪ್, ಎಫ್‌ಎ ಕಪ್ ಗೆದ್ದರು. ಸೋಲ್ಶಾರ್ ಒಂದೂ ಟ್ರೋಫಿ ಗೆಲ್ಲಲಿಲ್ಲ. ಆದರೆ ಇವರೆಲ್ಲರಿಗಿಂತ ಹೆಚ್ಚು ಕಾಲ ಆ ಕುರ್ಚಿಯಲ್ಲಿ ಇದ್ದವರು ಅವರೇ, ಹತ್ತಿರ ಹತ್ತಿರ ಮೂರು ವರ್ಷ. 2019-20ರಲ್ಲಿ ಮೂರನೇ ಸ್ಥಾನ, ಮುಂದಿನ ವರ್ಷ ಎರಡನೇ ಸ್ಥಾನ ತಂದುಕೊಟ್ಟಿದ್ದೂ ಒಂದು ಕಾರಣ, ನಿಜ. ಆದರೂ 1999ರಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್‌ನ ಕೊನೆಯ ಕ್ಷಣದಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಗೋಲು ಹೊಡೆದವರು ಅಲ್ಲದಿದ್ದರೆ ಅಷ್ಟು ದಿನ ಸಿಗುತ್ತಿತ್ತಾ? ನನಗಂತೂ ಅನುಮಾನ.

ಸ್ಪೇನ್‌ನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ಸದಸ್ಯರದ್ದೇ ಕ್ಲಬ್‌ಗಳು. ಸದಸ್ಯರು ಓಟು ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಹಾಗಾಗಿ ಹಳೆಯ ಆಟಗಾರನ ಹೆಸರು ಅಲ್ಲಿ ಚುನಾವಣೆಯ ಸರಕೂ ಹೌದು. 2021ರ ಬಾರ್ಸಿಲೋನಾ ಚುನಾವಣೆಯಲ್ಲಿ ವಿಕ್ಟರ್ ಫಾಂಟ್ ಅನ್ನುವ ಅಭ್ಯರ್ಥಿ ಕ್ಸಾವಿ ಹೆರ್ನಾಂಡೆಸ್ ಹೆಸರನ್ನೇ ಮುಂದಿಟ್ಟುಕೊಂಡು ಓಟು ಕೇಳಿದರು. ಗೆದ್ದದ್ದು ಜುವಾನ್ ಲಪೋರ್ಟಾ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ತಂಡ ಒಂಬತ್ತನೇ ಸ್ಥಾನಕ್ಕೆ ಕುಸಿದಾಗ ಲಪೋರ್ಟಾ ಅವರೂ ಕ್ಸಾವಿಯನ್ನೇ ಕರೆಯಬೇಕಾಯಿತು.

ಮೊದಲ ಎರಡು ತಿಂಗಳು ಎಲ್ಲ ಚೆಂದ

ಹೊಸ ಕೋಚ್ ಬಂದ ಕೂಡಲೇ ತಂಡ ಗೆಲ್ಲಲು ಶುರು ಮಾಡುತ್ತದೆ. ಹಳೆಯ ಹೀರೋ ಆದರೆ ಇನ್ನೂ ಜೋರು. 2018ರ ಡಿಸೆಂಬರ್‌ನಲ್ಲಿ ಸೋಲ್ಶಾರ್ ಹಂಗಾಮಿಯಾಗಿ ಬಂದು ಮೊದಲ ಪಂದ್ಯದಲ್ಲೇ ಕಾರ್ಡಿಫ್ ವಿರುದ್ಧ 5-1ರಿಂದ ಗೆದ್ದರು. ಸಾಲಾಗಿ ಎಂಟು ಪಂದ್ಯ ಗೆದ್ದರು. ಮಾರ್ಚ್ 6ರಂದು ಪ್ಯಾರಿಸ್‌ನಲ್ಲಿ ಅಲ್ಲಿಯ ಪಿಎಸ್‌ಜಿ ಕ್ಲಬ್ಬನ್ನು 3-1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಮುಂದೆ ಹೋದರು. ಅದೂ ಇದೇ ಎದುರಾಳಿಯ ವಿರುದ್ಧದ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ತವರಿನಲ್ಲೇ 0-2ರಿಂದ ಸೋತಿದ್ದ ಮೇಲೆ. ಮಾರ್ಚ್ 28ರಂದು ಕ್ಲಬ್ ಅವರನ್ನು ಮೂರು ವರ್ಷಕ್ಕೆ ಕಾಯಂ ಮಾಡಿತು.

ಆಮೇಲೆ ಆ ಸೀಸನ್‌ನಲ್ಲಿ ಉಳಿದಿದ್ದು ಹತ್ತು ಪಂದ್ಯ. ಗೆದ್ದದ್ದು ಎರಡು. ಕೊನೆಯ ಪಂದ್ಯ ತವರಿನಲ್ಲಿ, ಆಗಲೇ ಕೆಳಗಿನ ದರ್ಜೆಗೆ ಬಿದ್ದಿದ್ದ ಅದೇ ಕಾರ್ಡಿಫ್ ವಿರುದ್ಧ. 0-2ರಿಂದ ಸೋಲು.

ಇದು ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಪೆದ್ದನಾದ ಕತೆ ಅಲ್ಲ. ಕಾರಣ ಹೀಗಿದೆ. ಕೋಚನ್ನು ತೆಗೆಯುವುದು ತಂಡ ತನ್ನ ಮಟ್ಟಕ್ಕಿಂತ ಕೆಳಗೆ ಬಿದ್ದಾಗ. ಹಾಗೆ ಬೀಳುವುದಕ್ಕೆ ಕೋಚ್‌ನ ತಪ್ಪು ಸ್ವಲ್ಪ ಇರುತ್ತದೆ. ಗಾಯಾಳುಗಳು, ಕಂಬಕ್ಕೆ ಬಡಿದ ಚೆಂಡುಗಳು, ಕಷ್ಟದ ಪಂದ್ಯಗಳು ಒಟ್ಟಿಗೆ ಬಂದದ್ದು, ಹೀಗೆ ದುರದೃಷ್ಟವೂ ಸೇರಿರುತ್ತದೆ. ದುರದೃಷ್ಟ ಯಾವತ್ತೂ ಹಾಗೇ ಉಳಿಯುವುದಿಲ್ಲ. ಯಾರು ಬಂದರೂ, ಯಾರೂ ಬರದಿದ್ದರೂ ಫಲಿತಾಂಶ ಒಂದಿಷ್ಟು ಮೇಲೇಳುತ್ತದೆ. ಆ ಏರಿಕೆಯ ಪೂರ್ತಿ ಶ್ರೇಯಸ್ಸು ಆಗ ಬೆಂಚಿನಲ್ಲಿ ಕೂತಿದ್ದವರಿಗೆ ಹೋಗುತ್ತದೆ. ಇದರ ಮೇಲೆ ಇನ್ನೊಂದು: ಹಿಂದಿನ ಕೋಚ್ ಮೂಲೆಗೆ ತಳ್ಳಿದ್ದ ಆಟಗಾರರು ಹೊಸಬರ ಎದುರು ಮೈಮುರಿದು ಆಡುತ್ತಾರೆ. ಮೊರಿನ್ಯೊ ಜೊತೆ ಮುಖ ಕೊಟ್ಟು ಮಾತಾಡದಂತಾಗಿದ್ದ ಪಾಲ್ ಪೊಗ್ಬಾ ಸೋಲ್ಶಾರ್ ಬಂದ ಮೊದಲ ವಾರಗಳಲ್ಲಿ ಹೇಗೆ ಆಡಿದರು ಅಂತ ನೆನಪಿರುವವರಿಗೆ ಇದು ಗೊತ್ತು.

ಹಳೆಯ ಹೀರೋ ಆದಾಗ ಮೂರನೇ ಅಂಶ ಒಂದು ಸೇರುತ್ತದೆ. ಕ್ರೀಡಾಂಗಣ ಮೊದಲ ನಿಮಿಷದಿಂದಲೇ ಅವರ ಪರ. ಒಂದು ತಪ್ಪು ಪಾಸ್‌ಗೆ ಗೊಣಗುತ್ತಿದ್ದ ಜನ ಈಗ ಹಾಡು ಹೇಳುತ್ತಿರುತ್ತಾರೆ, ಆಟಗಾರರ ಭಯ ಕಡಿಮೆಯಾಗುತ್ತದೆ.

ಸಮಸ್ಯೆ ಇರುವುದು ಈ ಏರಿಕೆಯಲ್ಲಿ ಅಲ್ಲ, ಅದನ್ನು ಓದುವ ರೀತಿಯಲ್ಲಿ. ಅದು ಹೋಗಬೇಕಾದ ಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ನಿಂತ ಮೇಲೆ ತಂಡದ ಹಳೆಯ ರೋಗಗಳೆಲ್ಲ ಅಲ್ಲೇ ಇರುತ್ತವೆ. ಅಷ್ಟರೊಳಗೆ ಕಾಯಂ ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ. ಕ್ಯಾರಿಕ್ ವಿಷಯದಲ್ಲಿ ಯುನೈಟೆಡ್ ಎದುರಿಸುವ ಪ್ರಶ್ನೆ ಇದೇ. ಸಿಟಿ, ಆರ್ಸೆನಲ್ ಎದುರಿನ ಗೆಲುವುಗಳು ನಿಜವಾದ ಗೆಲುವುಗಳೇ. ಆದರೆ ಎರಡು ಪಂದ್ಯದಿಂದ ಕೋಚ್‌ನ ಯೋಗ್ಯತೆ ಅಳೆಯಲು ಆಗುವುದಿಲ್ಲ, ಎಂಟು ಪಂದ್ಯದಿಂದಲೂ ಕಷ್ಟ.

ಎರಡು ಬಣಗಳ ವಾದ

ಹಳೆಯ ಆಟಗಾರ ಬೇಕು ಅನ್ನುವವರ ಪಟ್ಟಿ ಗಟ್ಟಿಯಾಗಿಯೇ ಇದೆ. ಯೋಹಾನ್ ಕ್ರೈಫ್ 1988ರಲ್ಲಿ ಬಾರ್ಸಿಲೋನಾಕ್ಕೆ ಕೋಚ್ ಆಗಿ ಮರಳಿ ಸತತ ನಾಲ್ಕು ಲೀಗ್ ಗೆದ್ದರು, 1992ರಲ್ಲಿ ಕ್ಲಬ್‌ನ ಮೊದಲ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ತಂದರು. ಅವರ ಶಿಷ್ಯ ಪೆಪ್ ಗಾರ್ಡಿಯೋಲಾ 2008ರಲ್ಲಿ ಬಂದು ನಾಲ್ಕು ವರ್ಷದಲ್ಲಿ 14 ಟ್ರೋಫಿ ಗೆದ್ದರು. ಜಿನೆದಿನ್ ಜಿದಾನ್ 2016ರ ಜನವರಿಯಲ್ಲಿ ರಿಯಲ್ ಸೇರಿ 2016, 2017, 2018, ಮೂರು ವರ್ಷವೂ ಚಾಂಪಿಯನ್ಸ್ ಲೀಗ್ ಎತ್ತಿದರು. ಡಿಯೇಗೊ ಸಿಮಿಯೋನಿ 2011ರ ಡಿಸೆಂಬರ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಬಂದವರು ಇನ್ನೂ ಹೋಗಿಲ್ಲ. (ಅವರ ಹಿಂದಿನ ಕೋಚ್ ಕೆಲಸ ಕಳೆದುಕೊಂಡದ್ದು ಕಪ್‌ನಲ್ಲಿ ಇದೇ ಆಲ್ಬಸೆಟೆ ಎದುರು ಸೋತ ಬೆನ್ನಲ್ಲೇ. ಮ್ಯಾಡ್ರಿಡ್‌ನ ಕ್ಲಬ್‌ಗಳಿಗೂ ಆ ಊರಿಗೂ ಏನೋ ಲೆಕ್ಕ ಇದ್ದ ಹಾಗಿದೆ.)

ಬೇಡ ಅನ್ನುವವರ ಪಟ್ಟಿಯೂ ಸಣ್ಣದಲ್ಲ. ನ್ಯೂಕ್ಯಾಸಲ್‌ಗೆ 206 ಗೋಲು ಹೊಡೆದ ಅಲನ್ ಶಿಯರರ್ 2009ರ ಏಪ್ರಿಲ್‌ನಲ್ಲಿ ಕೊನೆಯ ಎಂಟು ಪಂದ್ಯಕ್ಕೆ ಬಂದರು, ಒಂದೇ ಒಂದು ಗೆದ್ದರು, ತಂಡ ಕೆಳಗಿನ ದರ್ಜೆಗೆ ಬಿತ್ತು. ಆಂಡ್ರಿಯಾ ಪಿರ್ಲೊ ಅವರದ್ದು ಇನ್ನೂ ವಿಚಿತ್ರ. 2020ರಲ್ಲಿ ಯುವೆಂಟಸ್ ಅವರನ್ನು 23 ವರ್ಷದೊಳಗಿನವರ ತಂಡಕ್ಕೆ ಕೋಚ್ ಅಂತ ಹೆಸರಿಸಿ, ಕೆಲವೇ ದಿನಗಳಲ್ಲಿ, ಅಲ್ಲಿ ಒಂದು ಪಂದ್ಯವನ್ನೂ ನಡೆಸುವ ಮುಂಚೆ, ಮುಖ್ಯ ತಂಡವನ್ನೇ ಕೈಗೆ ಕೊಟ್ಟಿತು. ಒಂಬತ್ತು ವರ್ಷ ಸತತ ಲೀಗ್ ಗೆದ್ದಿದ್ದ ತಂಡ ಆ ವರ್ಷ ನಾಲ್ಕನೇ ಸ್ಥಾನಕ್ಕೆ ಬಂತು. ಇಟಲಿಯ ಕಪ್ ಗೆದ್ದರೂ ಪಿರ್ಲೊ ಉಳಿಯಲಿಲ್ಲ.

ಇಲ್ಲಿಂದ ಜನ ಸಾಮಾನ್ಯವಾಗಿ ಹೊರಡುವ ತೀರ್ಮಾನ: ಬೇರೆ ಕಡೆ ಕೆಲಸ ಕಲಿತು ಬಂದವರು ಗೆಲ್ಲುತ್ತಾರೆ, ನೇರವಾಗಿ ಬಂದವರು ಸೋಲುತ್ತಾರೆ. ಸಿಮಿಯೋನಿ ಅರ್ಜೆಂಟೀನಾದಲ್ಲಿ ಎರಡು ಕ್ಲಬ್‌ಗಳಿಗೆ ಪ್ರಶಸ್ತಿ ಗೆದ್ದುಕೊಟ್ಟು ಬಂದವರು. ಯುವೆಂಟಸ್‌ಗೆ 2012ರಿಂದ 2014ರವರೆಗೆ ಮೂರು ಲೀಗ್ ಗೆದ್ದುಕೊಟ್ಟ ಆಂಟೋನಿಯೊ ಕಾಂಟೆ ಅದಕ್ಕೂ ಮುಂಚೆ ಬಾರಿ, ಅಟಲಾಂಟಾ, ಸಿಯೆನಾ ಅಂತ ಸಣ್ಣ ಕ್ಲಬ್‌ಗಳಲ್ಲಿ ಬೆವರು ಸುರಿಸಿದವರು. ಪಿರ್ಲೊ, ಶಿಯರರ್ ಹಾಗೆ ಏನೂ ಮಾಡಿರಲಿಲ್ಲ.

ಈ ವಾದ ಸರಿ ಅನ್ನಿಸುತ್ತದೆ, ಗಾರ್ಡಿಯೋಲಾ ನೆನಪಾಗುವವರೆಗೆ. ಅವರ ಅನುಭವ ಅಂದರೆ ಬಾರ್ಸಿಲೋನಾ ಬಿ ತಂಡದಲ್ಲಿ ಒಂದು ವರ್ಷ, ಅಷ್ಟೇ. ಜಿದಾನ್ ಕೂಡ ಕಾಸ್ಟಿಯಾದಿಂದ ನೇರ ಬಂದವರು. ತಿರುಗಿಸಿ ನೋಡಿದರೆ ಅಲೊನ್ಸೊ ಇದ್ದಾರೆ. 2023-24ರಲ್ಲಿ ಬಯರ್ ಲೆವರ್‌ಕುಸೆನ್ ತಂಡವನ್ನು ಒಂದೂ ಸೋಲಿಲ್ಲದೆ ಜರ್ಮನಿಯ ಚಾಂಪಿಯನ್ ಮಾಡಿದವರಿಗೆ ಅನುಭವ ಇಲ್ಲ ಅಂತ ಯಾರು ಹೇಳುತ್ತಾರೆ? ಆದರೂ ಅವರು ಒಂದು ಸೀಸನ್ ಪೂರ್ತಿ ಉಳಿಯಲಿಲ್ಲ. ಹಾಗಾಗಿ ಅನುಭವ ಮುಖ್ಯವೇ, ಆದರೆ ಅದೊಂದರಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ.

ಅಧಿಕಾರ ಯಾರ ಕೈಯಲ್ಲಿ?

ನನ್ನ ಪ್ರಕಾರ ಗೆದ್ದವರನ್ನೂ ಸೋತವರನ್ನೂ ಬೇರೆ ಮಾಡುವ ಗೆರೆ ಇಲ್ಲಿದೆ. ಕ್ಲಬ್ ಆ ಹೀರೋಗೆ ಕೊಟ್ಟದ್ದು ಕುರ್ಚಿಯನ್ನಾ, ಕುರ್ಚಿಯ ಜೊತೆಗೆ ಅಧಿಕಾರವನ್ನಾ?

2008ರಲ್ಲಿ ಗಾರ್ಡಿಯೋಲಾ ಬಂದ ಬೇಸಿಗೆಯಲ್ಲೇ ರೊನಾಲ್ಡಿನ್ಯೊ, ಡೆಕೊ ಇಬ್ಬರೂ ಹೊರಗೆ ಹೋದರು. ಆಗ 37 ವರ್ಷದ, ದೊಡ್ಡ ತಂಡ ನಡೆಸಿ ಗೊತ್ತಿಲ್ಲದ ಒಬ್ಬ ಕೋಚ್, ಕ್ಲಬ್‌ನ ಅತಿ ದೊಡ್ಡ ತಾರೆಗಳು ನನ್ನ ಯೋಜನೆಯಲ್ಲಿಲ್ಲ ಅಂದರು, ಕ್ಲಬ್ ಹೂಂ ಅಂದಿತು. ಡ್ರೆಸ್ಸಿಂಗ್ ರೂಮ್‌ಗೆ ಅದರಿಂದ ಹೋದ ಸಂದೇಶ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಭಿಮಾನಿಗಳಿಂದ ಸಾಲ ತಂದ ತಾಳ್ಮೆಯನ್ನು ಬಾರ್ಸಿಲೋನಾ ಕಷ್ಟದ ಕೆಲಸಕ್ಕೆ ಬಳಸಿತು. ಜಿದಾನ್ ದಾರಿ ಬೇರೆ. ಅವರು ಯಾರನ್ನೂ ಓಡಿಸಲಿಲ್ಲ, ಆದರೆ 2016-17ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊಗೆ ಕೆಲವು ಪಂದ್ಯ ಕೂತು ವಿಶ್ರಾಂತಿ ತಗೊಳ್ಳಲು ಒಪ್ಪಿಸಿದರು. ಇದು ಬೇರೆ ಎಷ್ಟು ಕೋಚ್‌ಗಳಿಂದ ಆಗುತ್ತಿತ್ತೋ!

ಅಲೊನ್ಸೊಗೆ ಆದದ್ದು ಇದಕ್ಕೆ ತದ್ವಿರುದ್ಧ. 2025ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾವನ್ನು 2-1ರಿಂದ ಸೋಲಿಸಿದ ದಿನವೇ, ತಮ್ಮನ್ನು ಆಟದ ನಡುವೆ ಹೊರಗೆ ಕರೆದರು ಅಂತ ರಿಯಲ್‌ನ ತಾರೆ ವಿನಿಸಿಯಸ್ ಜೂನಿಯರ್ ಎಲ್ಲರ ಎದುರಿಗೆ ಸಿಟ್ಟು ತೋರಿಸಿ ಒಳಗೆ ಹೋದರು. ಗೆದ್ದ ದಿನದ ಸುದ್ದಿ ಗೆಲುವಾಗಲಿಲ್ಲ. ಅದಾದ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ತಂಡ ಎಡವಿತು, ಜನವರಿಯಲ್ಲಿ ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 3-2ರಿಂದ ಸೋತಿತು, ಮರುದಿನ ಅಲೊನ್ಸೊ ಇರಲಿಲ್ಲ. ಆಟಗಾರರೋ ಕೋಚೋ ಅನ್ನುವ ಪ್ರಶ್ನೆ ಬಂದಾಗ ಕ್ಲಬ್ ಯಾರ ಕಡೆ ನಿಂತಿತು ಅಂತ ನೋಡಿದರೆ ಸಾಕು. ರಿಯಲ್‌ನಲ್ಲಿ ಇದು ಹೊಸದೂ ಅಲ್ಲ. ಸ್ವತಃ ಜಿದಾನ್ 2021ರಲ್ಲಿ ಎರಡನೇ ಸಲ ಬಿಟ್ಟು ಹೋಗುವಾಗ, ಕ್ಲಬ್‌ಗೆ ತಮ್ಮ ಮೇಲೆ ಬೇಕಾದಷ್ಟು ನಂಬಿಕೆ ಉಳಿದಿಲ್ಲ ಅಂತ ಬಹಿರಂಗ ಪತ್ರ ಬರೆದು ಹೋದರು. ಮೂರು ಚಾಂಪಿಯನ್ಸ್ ಲೀಗ್ ತಂದವರಿಗೇ ಹೀಗಾದರೆ ಉಳಿದವರ ಪಾಡೇನು?

ಹೊರಗಿನಿಂದ ಬಂದ ಅಮೊರಿಮ್ ಕೂಡ ಕೆಲಸ ಹೋಗುವ ಮುನ್ನಾದಿನ ಇದೇ ಧಾಟಿಯಲ್ಲಿ ಮಾತಾಡಿದ್ದರು. ತಾನು ಬಂದದ್ದು ತಂಡಕ್ಕೆ ಬರೀ ತರಬೇತಿ ಕೊಡಲು ಅಲ್ಲ, ಮ್ಯಾನೇಜರ್ ಆಗಿರಲು ಅಂದರು. ಇವತ್ತಿನ ದೊಡ್ಡ ಕ್ಲಬ್‌ಗಳಲ್ಲಿ ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಅಂತ ತೀರ್ಮಾನಿಸಲು ಬೇರೆ ನಿರ್ದೇಶಕರೇ ಇದ್ದಾರೆ. ಫರ್ಗುಸನ್ ಕಾಲದ ಹಾಗೆ ಎಲ್ಲವೂ ಒಬ್ಬರ ಕೈಯಲ್ಲಿ ಇರುವುದಿಲ್ಲ. ಆದರೆ ಅಭಿಮಾನಿಗಳು ಹಳೆಯ ಹೀರೋನಲ್ಲಿ ಹುಡುಕುವುದು ಮಾತ್ರ ಫರ್ಗುಸನ್‌ನನ್ನೇ. ಈ ಹೊಂದಿಕೆ ಆಗದ ನಿರೀಕ್ಷೆಯೇ ಅರ್ಧ ಸಮಸ್ಯೆ.

ಲ್ಯಾಂಪಾರ್ಡ್ ಎರಡು ಸಲ

ಇದೆಲ್ಲ ಒಬ್ಬರ ಕತೆಯಲ್ಲೇ ಸಿಗಬೇಕು ಅಂದರೆ ಫ್ರಾಂಕ್ ಲ್ಯಾಂಪಾರ್ಡ್ ಇದ್ದಾರೆ. ಚೆಲ್ಸಿಗೆ 211 ಗೋಲು, ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು. 2019ರ ಜುಲೈನಲ್ಲಿ ಕೋಚ್ ಆಗಿ ಮರಳಿದಾಗ ಅವರ ಕೈಯಲ್ಲಿದ್ದದ್ದು ಡರ್ಬಿ ಕೌಂಟಿಯಲ್ಲಿ ಒಂದು ವರ್ಷದ ಅನುಭವ. ಆದರೆ ಚೆಲ್ಸಿಗೆ ಆಗ ಅವರೇ ಬೇಕಿತ್ತು. ಹೊಸ ಆಟಗಾರರನ್ನು ಕೊಳ್ಳದಂತೆ ಕ್ಲಬ್ ಮೇಲೆ ನಿಷೇಧ ಇತ್ತು, ಎಡೆನ್ ಹಜಾರ್ಡ್ ರಿಯಲ್‌ಗೆ ಹೊರಟುಹೋಗಿದ್ದರು. ಆ ವರ್ಷ ಬೇರೆ ಯಾವ ಕೋಚ್ ಬಂದರೂ ಜನ ಕೂಗಾಡುತ್ತಿದ್ದರು. ಲ್ಯಾಂಪಾರ್ಡ್ ಬಂದರು, ಮೇಸನ್ ಮೌಂಟ್, ಟ್ಯಾಮಿ ಅಬ್ರಹಾಂ, ರೀಸ್ ಜೇಮ್ಸ್ ಅಂತ ಕ್ಲಬ್‌ನಲ್ಲೇ ಬೆಳೆದ ಹುಡುಗರನ್ನು ಆಡಿಸಿದರು, ನಾಲ್ಕನೇ ಸ್ಥಾನ ತಂದರು. ಜನ ಖುಷಿಯಾಗಿದ್ದರು.

ಮುಂದಿನ ಬೇಸಿಗೆಯಲ್ಲಿ ನಿಷೇಧ ಇರಲಿಲ್ಲ. ಕ್ಲಬ್ 20 ಕೋಟಿ ಪೌಂಡ್‌ಗಿಂತ ಜಾಸ್ತಿ ಖರ್ಚು ಮಾಡಿ ಕೈ ಹಾವರ್ಟ್ಸ್, ಟಿಮೊ ವೆರ್ನರ್, ಬೆನ್ ಚಿಲ್ವೆಲ್ ಮುಂತಾದವರನ್ನು ತಂದಿತು. ಅಲ್ಲಿಗೆ ಲೆಕ್ಕ ಬದಲಾಯಿತು. ತಾಳ್ಮೆ ಬೇಕಿದ್ದ ವರ್ಷ ಮುಗಿದಿತ್ತು, ಈಗ ಬೇಕಾದದ್ದು ಟ್ರೋಫಿ. 2021ರ ಜನವರಿ 25ರಂದು ತಂಡ ಒಂಬತ್ತನೇ ಸ್ಥಾನದಲ್ಲಿದ್ದಾಗ ಅವರನ್ನು ತೆಗೆದರು. ಥಾಮಸ್ ಟುಖೆಲ್ ಅದೇ ಆಟಗಾರರನ್ನು ಇಟ್ಟುಕೊಂಡು ನಾಲ್ಕೇ ತಿಂಗಳಲ್ಲಿ ಪೋರ್ಟೊದಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಫೈನಲ್‌ನ ಒಂದೇ ಗೋಲು ಹಾವರ್ಟ್ಸ್ ಅವರದ್ದು, ಪಾಸ್ ಮೌಂಟ್ ಅವರದ್ದು. ಇಬ್ಬರೂ ಲ್ಯಾಂಪಾರ್ಡ್ ಕಾಲದಲ್ಲಿ ತಂಡಕ್ಕೆ ಬಂದವರು. ಇದನ್ನು ಅವರ ಪರವಾಗಿಯೂ ಓದಬಹುದು, ವಿರುದ್ಧವಾಗಿಯೂ ಓದಬಹುದು. ಆಟಗಾರರನ್ನು ಬೆಳೆಸಿದ್ದು ಅವರು, ನಿಜ. ಅದೇ ಆಟಗಾರರನ್ನು ಹೇಗೆ ನಿಲ್ಲಿಸಿದರೆ ಗೋಲು ಬಿಡುವುದಿಲ್ಲ ಅಂತ ಕಂಡುಕೊಂಡದ್ದು ಟುಖೆಲ್.

ಎರಡನೇ ಸಲದ್ದು ಮಾತ್ರ ಸುಮ್ನೆ ಅನ್ಯಾಯ. 2023ರ ಏಪ್ರಿಲ್‌ನಲ್ಲಿ ಹೊಸ ಮಾಲೀಕರು ಒಂದೇ ಸೀಸನ್‌ನಲ್ಲಿ ಟುಖೆಲ್, ಗ್ರಹಾಂ ಪಾಟರ್ ಇಬ್ಬರನ್ನೂ ತೆಗೆದು, ಜನ ಸಿಟ್ಟಿಗೆದ್ದು ನಿಂತಿದ್ದಾಗ ಲ್ಯಾಂಪಾರ್ಡ್‌ಗೆ ಹಂಗಾಮಿ ಅಂತ ಫೋನ್ ಹೋಯಿತು. ಆಡಿದ್ದು 11 ಪಂದ್ಯ. ಮೊದಲ ಆರನ್ನೂ ಸೋತರು, ಒಟ್ಟು ಎಂಟು ಸೋತರು, ಗೆದ್ದದ್ದು ಒಂದು. ತಂಡ 12ನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಇಲ್ಲಿ ಅವರಿಗೆ ಬೇಕಾದ ಆಟಗಾರರನ್ನು ತರುವ ಅಧಿಕಾರ ಇರಲಿಲ್ಲ, ಮುಂದಿನ ವರ್ಷದ ಭರವಸೆ ಇರಲಿಲ್ಲ, ಕೆಲವೇ ವಾರದಲ್ಲಿ ಹೋಗುವವರ ಮಾತನ್ನು ಆಟಗಾರರು ಕೇಳುವ ಅಗತ್ಯವೂ ಇರಲಿಲ್ಲ. ಕ್ಲಬ್‌ಗೆ ಮಾತ್ರ ಎರಡು ತಿಂಗಳು ಉಸಿರಾಡಲು ಸಮಯ ಸಿಕ್ಕಿತು.

ಕ್ಲಬ್‌ಗೆ ಆಗುವ ನಷ್ಟ

ಹೀರೋ ಹೆಸರಿನಲ್ಲಿ ಸಿಕ್ಕ ಸಮಯವನ್ನು ಕ್ಲಬ್ ಸುಮ್ಮನೆ ಕಳೆದರೆ, ಮೂಲ ತೊಂದರೆ ಕಾಣದಂತೆ ಮುಚ್ಚಿಕೊಳ್ಳುತ್ತದೆ. ಬಾರ್ಸಿಲೋನಾದಲ್ಲಿ ಹಣದ ಕಷ್ಟ ಎಷ್ಟಿತ್ತು ಅಂದರೆ 2021ರಲ್ಲಿ ಲಯೊನೆಲ್ ಮೆಸ್ಸಿಯನ್ನೇ ಉಳಿಸಿಕೊಳ್ಳಲು ಆಗಲಿಲ್ಲ. ಕ್ಸಾವಿ ಬಂದು 2022-23ರ ಲೀಗ್ ಗೆದ್ದುಕೊಟ್ಟರು. ಒಂದು ವರ್ಷ ಎಲ್ಲ ಸರಿಹೋಯಿತು ಅನ್ನಿಸಿತು. 2024ರ ಜನವರಿಯಲ್ಲಿ ದಣಿದು, ಸೀಸನ್ ಕೊನೆಗೆ ಹೋಗುತ್ತೇನೆ ಅಂದರು. ಏಪ್ರಿಲ್‌ನಲ್ಲಿ ಕ್ಲಬ್ ಒಪ್ಪಿಸಿ ಉಳಿಸಿಕೊಂಡಿತು. ಮೇ ತಿಂಗಳಲ್ಲಿ ಅವರು ಕ್ಲಬ್‌ನ ಹಣಕಾಸಿನ ಮಿತಿಗಳ ಬಗ್ಗೆ ಪತ್ರಿಕಾಗೋಷ್ಠಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರು. ಅದು ಅಧ್ಯಕ್ಷರಿಗೆ ಹಿಡಿಸಲಿಲ್ಲ ಅಂತ ಆಗಲೇ ವರದಿಯಾಗಿತ್ತು. ಅದೇ ತಿಂಗಳು ಕ್ಲಬ್ ಅವರನ್ನು ತೆಗೆಯಿತು. ಹೀರೋನ ಹೆಸರು ಬೇಕು, ಬಾಯಿ ಬೇಡ. ಹಾಗಾಯಿತು ಅಲ್ವಾ?

ಯುನೈಟೆಡ್‌ನ ಮಟ್ಟಿಗೆ ಈ ಸಲ ಒಂದು ವ್ಯತ್ಯಾಸ ಇದೆ. ಕ್ಯಾರಿಕ್ ಒಪ್ಪಂದ ಸೀಸನ್ ಕೊನೆಯವರೆಗೆ ಮಾತ್ರ, ಅದರ ಬೆನ್ನಿಗೇ ಜೂನ್, ಜುಲೈನಲ್ಲಿ ವಿಶ್ವಕಪ್ ಬರುತ್ತದೆ. ರಾಷ್ಟ್ರೀಯ ತಂಡಗಳ ಕೋಚ್‌ಗಳ ಒಪ್ಪಂದ ಸಾಮಾನ್ಯವಾಗಿ ವಿಶ್ವಕಪ್ ಲೆಕ್ಕದಲ್ಲೇ ಇರುವುದರಿಂದ ಆ ಬೇಸಿಗೆಯಲ್ಲಿ ಆಯ್ಕೆಗೆ ಸಿಗುವವರು ಜಾಸ್ತಿ. ಕ್ಯಾರಿಕ್ ಸೋತರೆ ಮುಂದಿನ ದಾರಿ ಸುಲಭ. ಗೆಲ್ಲುತ್ತಲೇ ಹೋದರೆ ಕಷ್ಟ ಶುರು: ಕ್ರೀಡಾಂಗಣ ಪೂರ್ತಿ ಅವರ ಹೆಸರು ಕೂಗುತ್ತಿರುವಾಗ, ಬೇರೆಯವರನ್ನೂ ನೋಡಿ ಆಮೇಲೆ ತೀರ್ಮಾನ ಮಾಡುತ್ತೇವೆ ಅನ್ನುವ ಧೈರ್ಯ ಯಾವ ನಿರ್ದೇಶಕರಿಗೆ ಬರುತ್ತದೆ? ಕನಿಷ್ಠ ಮೇ ತಿಂಗಳವರೆಗೆ ಸಹಿ ಹಾಕದೆ ಇದ್ದರೆ 2019ರಿಂದ ಏನೋ ಕಲಿತಿದ್ದಾರೆ ಅನ್ನಬಹುದು.

ಹೀರೋನ ಹೆಸರು ಕೆಡುತ್ತದಾ?

ಪ್ರತಿ ಸಲ ಕೇಳಿಬರುವ ಭಯ ಇದು. "ಬರಬಾರದಿತ್ತು, ಇದ್ದ ಮರ್ಯಾದೆ ಕಳಕೊಂಡರು." ಇತಿಹಾಸ ನೋಡಿದರೆ ಈ ಭಯಕ್ಕೆ ಅಷ್ಟೇನೂ ಆಧಾರ ಇಲ್ಲ. ತಂಡ ಕೆಳಗೆ ಬಿದ್ದಾಗ ಬೆಂಚಿನಲ್ಲಿದ್ದ ಶಿಯರರ್ ಅವರ ಪ್ರತಿಮೆ 2016ರಲ್ಲಿ ಅದೇ ಕ್ರೀಡಾಂಗಣದ ಹೊರಗೆ ನಿಂತಿತು. ಲಿವರ್‌ಪೂಲ್‌ನ ಕೆನ್ನಿ ಡಾಲ್ಗ್ಲಿಶ್ ಆಟಗಾರನಾಗಿ, ಆಮೇಲೆ 1985ರಿಂದ 1991ರವರೆಗೆ ಮ್ಯಾನೇಜರ್ ಆಗಿ ಮೂರು ಲೀಗ್ ಗೆದ್ದವರು. 20 ವರ್ಷದ ನಂತರ, 2011ರ ಜನವರಿಯಲ್ಲಿ, ಕ್ಲಬ್ ಕಷ್ಟದಲ್ಲಿದ್ದಾಗ ಮತ್ತೆ ಬಂದರು. 2012ರಲ್ಲಿ ಲೀಗ್ ಕಪ್ ಗೆದ್ದರು, ಆದರೆ ಲೀಗ್‌ನಲ್ಲಿ ಎಂಟನೇ ಸ್ಥಾನ. ಮಾಲೀಕರು ತೆಗೆದರು. 2017ರಲ್ಲಿ ಕ್ಲಬ್‌ನ ಮೈದಾನ ಆನ್‌ಫೀಲ್ಡ್‌ನ ಒಂದು ಸ್ಟ್ಯಾಂಡ್‌ಗೆ ಅವರ ಹೆಸರೇ ಬಂತು. ಆ ಎಂಟನೇ ಸ್ಥಾನ ಇವತ್ತು ಯಾರಿಗೂ ನೆನಪಿಲ್ಲ. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಅಂತ್ಯಕ್ರಿಯೆಗಳಿಗೆ ಒಂದೊಂದಾಗಿ ಹೋಗಿ ನಿಂತವರು ಡಾಲ್ಗ್ಲಿಶ್ ಅನ್ನುವುದನ್ನು ಆ ಊರು ಮರೆತಿಲ್ಲ.

ಅದೇ ಕ್ಲಬ್‌ನ ಗ್ರೇಮ್ ಸೂನೆಸ್ ಕತೆ ಪಕ್ಕದಲ್ಲಿಟ್ಟು ನೋಡಿ. ನಾಯಕರಾಗಿದ್ದವರು, ಮೂರು ಯುರೋಪಿಯನ್ ಕಪ್ ಗೆದ್ದವರು. 1991ರಲ್ಲಿ ಮ್ಯಾನೇಜರ್ ಆಗಿ ಬಂದು ಮರುವರ್ಷ ಎಫ್‌ಎ ಕಪ್ ಕೂಡ ಗೆದ್ದರು. ಆದರೆ ಹಿಲ್ಸ್‌ಬರೋ ಬಗ್ಗೆ ಸುಳ್ಳು ಬರೆದು ಊರೇ ಬಹಿಷ್ಕಾರ ಹಾಕಿದ್ದ ದಿ ಸನ್ ಪತ್ರಿಕೆಗೆ ತಮ್ಮ ಹೃದಯದ ಆಪರೇಷನ್ ಕತೆಯನ್ನು ಮಾರಿದರು, ಅದು ಅಚ್ಚಾದದ್ದು 1992ರ ಏಪ್ರಿಲ್ 15ರಂದು, ದುರಂತಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ. ಸೂನೆಸ್ ಆಮೇಲೆ ಕ್ಷಮೆ ಕೇಳಿದ್ದಾರೆ. ಊರಿನ ಬಹಳ ಜನ ಕ್ಷಮಿಸಿಲ್ಲ. ಪಂದ್ಯ ಸೋತದ್ದಕ್ಕೆ ಇಂಥ ಸಿಟ್ಟು ಯಾರ ಮೇಲೂ 30 ವರ್ಷ ಉಳಿದದ್ದಿಲ್ಲ.

ಅಂದರೆ ಆಟಗಾರನಾಗಿ ಗಳಿಸಿದ ಪ್ರೀತಿಗೆ ಫಲಿತಾಂಶಗಳಿಂದ ಅಷ್ಟಾಗಿ ಧಕ್ಕೆ ಆಗುವುದಿಲ್ಲ. ಏಟು ಬೀಳುವುದು ಕೋಚ್ ಆಗಿ ಅವರ ಮುಂದಿನ ಕೆಲಸಕ್ಕೆ. ಶಿಯರರ್ ಆ ಎಂಟು ಪಂದ್ಯದ ನಂತರ ಮತ್ತೆ ಯಾವ ತಂಡವನ್ನೂ ನಡೆಸಲಿಲ್ಲ. ಸೋಲ್ಶಾರ್ ಯುನೈಟೆಡ್ ಬಿಟ್ಟ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಇಲ್ಲದೆ ಇದ್ದು, 2025ರಲ್ಲಿ ಟರ್ಕಿಯ ಬೆಶಿಕ್ತಾಶ್ ಸೇರಿ ಆ ವರ್ಷವೇ ಹೊರಬಿದ್ದರು. ಲ್ಯಾಂಪಾರ್ಡ್ ಮಾತ್ರ ಬೇರೆ ದಾರಿ ಹಿಡಿದರು. 2024ರ ನವೆಂಬರ್‌ನಲ್ಲಿ ಎರಡನೇ ದರ್ಜೆಯ ಕವೆಂಟ್ರಿ ಸಿಟಿಗೆ ಹೋದಾಗ ಆ ತಂಡ 17ನೇ ಸ್ಥಾನದಲ್ಲಿತ್ತು. ಅವರು ಅಲ್ಲಿ ಯಾವತ್ತೂ ಆಡಿದವರಲ್ಲ. ಸೀಸನ್ ಮುಗಿದಾಗ ತಂಡ ಐದನೇ ಸ್ಥಾನದಲ್ಲಿತ್ತು, 2025-26ರ ಸೀಸನ್‌ನಲ್ಲಿ ಜನವರಿಯವರೆಗೆ ಹೆಚ್ಚು ಕಾಲ ಪಟ್ಟಿಯ ಮೇಲ್ತುದಿಯಲ್ಲೇ ಇತ್ತು.